ಕ್ಯಾಂಪಿನ ಗಂಟೆ, ಖಾನಾಪುರದ ಅಂಗಳ

ಭಾನುವಾರ ಬೆಳಿಗ್ಗೆ ಬೆಳಗಾವಿ ರೈಲು ನಿಲ್ದಾಣದಲ್ಲಿ ಇಳಿದು ಕ್ಯಾಂಪಿನ ಕಡೆಗೆ ನಡೆದವರಿಗೆ ಮೊದಲು ಕೇಳಿಸುವುದು ಗಂಟೆಯ ಸದ್ದು. ಆಮೇಲೆ ಕೇಳಿಸುವುದು ಭಾಷೆಗಳು. ಒಂದು ಗೇಟಿನೊಳಗಿಂದ ಕೊಂಕಣಿಯ ಹಾಡು ತೇಲಿ ಬಂದರೆ, ಇನ್ನೊಂದರಿಂದ ಇಂಗ್ಲಿಷಿನ ಪ್ರವಚನ. ನಾಲ್ಕು ಹೆಜ್ಜೆ ಮುಂದೆ ಹೋದರೆ ಕನ್ನಡದ ಪ್ರಾರ್ಥನೆ, ತಿರುವಿನಾಚೆ ಮರಾಠಿ. ದಂಡಿನ ಊರಿನ ಅಗಲವಾದ ರಸ್ತೆ, ಇಕ್ಕೆಲದಲ್ಲಿ ಹಳೆಯ ಮರಗಳು, ಕೆಂಪು ಹೆಂಚಿನ ಬಂಗಲೆಗಳು. ಮಿಲಿಟರಿ ಜೀಪೊಂದು ಸರ್ರನೆ ಹಾದು ಹೋದ ಮೇಲೆ ರಸ್ತೆ ಮತ್ತೆ ಇಸ್ತ್ರಿ ಮಾಡಿದ ಅಂಗಿ, ಜರಿಯಂಚಿನ ಸೀರೆ, ಫ್ರಾಕು ತೊಟ್ಟ ಮಕ್ಕಳದಾಗುತ್ತದೆ.

ದೂರದಿಂದ ನೋಡುವವರಿಗೆ ಇದೊಂದು ನೆಮ್ಮದಿಯ ಚಿತ್ರ. ಚರ್ಚಿಗೆ ಹೋಗುವವರ ಬದುಕು ಹೀಗೆಯೇ ಇಸ್ತ್ರಿ ಹಾಕಿದಂತೆ ಇರುತ್ತದೆ ಎಂದು ಅನಿಸಿದರೆ ತಪ್ಪಿಲ್ಲ. ಆದರೆ ಒಳಗೆ ಕುಳಿತವರು ಪ್ರತಿ ವಾರ ಹೇಳುವ ಒಂದು ಪ್ರಾರ್ಥನೆಯುಂಟು. ಕನ್ನಡದ ಕಥೋಲಿಕರು ಅದನ್ನು ‘ಪರಲೋಕ ಮಂತ್ರ’ ಎನ್ನುತ್ತಾರೆ, ಪ್ರಾಟೆಸ್ಟೆಂಟರು ‘ಕರ್ತನ ಪ್ರಾರ್ಥನೆ’ ಎನ್ನುತ್ತಾರೆ. ಹೆಸರು ಎರಡಾದರೂ ಎರಡರಲ್ಲೂ ‘ಶೋಧನೆ’ ಎಂಬ ಒಂದು ಮಾತು ತಪ್ಪದೆ ಬರುತ್ತದೆ. ಕೆಡುಕಿನ ಕಡೆಗೆ ಸೆಳೆಯುವ ಆಸೆ, ಆಮಿಷ, ಅಂಜಿಕೆ ಎಲ್ಲಕ್ಕೂ ಕನ್ನಡ ಬೈಬಲ್ಲಿನಲ್ಲಿ ಇರುವ ಪದ ಅದು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರಲ್ಲಿ ಪೂರ್ತಿ ಬೈಬಲ್ ಕನ್ನಡಕ್ಕೆ ಬಂದಿತು. ಆಮೇಲೆ ಅದು ಎಷ್ಟೋ ಸಲ ಪರಿಷ್ಕಾರಗೊಂಡಿದೆ. ಅನುವಾದಕರ ಕೈಗೆ ಈ ಪದ ಹೇಗೆ ಸಿಕ್ಕಿತೋ ಏನೋ, ಸಿಕ್ಕದ್ದು ಮಾತ್ರ ಚೆನ್ನಾಗಿಯೇ ಇದೆ. ನಮ್ಮ ಮಾತಿನಲ್ಲಿ ಶೋಧಿಸುವುದೆಂದರೆ ಹುಡುಕುವುದು, ಸೋಸುವುದು, ಕಸ ತೆಗೆದು ಶುದ್ಧ ಮಾಡುವುದು. ಪೇತ್ರನನ್ನು ಗೋಧಿಯ ಹಾಗೆ ಜರಡಿ ಹಿಡಿಯಲು ಸೈತಾನನು ಕೇಳಿಕೊಂಡನೆಂದು ಯೇಸು ಹೇಳುವ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಹಿಟ್ಟು ಸಾಣಿಸುವ ಕೈಗೆ ಇದರ ಅರ್ಥವನ್ನು ಯಾವ ಪಾದ್ರಿಯೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಜರಡಿ ಬೆಳಗಾವಿ ನಗರದಲ್ಲಿ ಒಂದು ರೀತಿ ಆಡುತ್ತದೆ, ಖಾನಾಪುರದ ಕಾಡಿನಲ್ಲಿ ಇನ್ನೊಂದು ರೀತಿ.

ಇನ್ನೂರು ವರ್ಷದ ಹಿಂದೆ

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. ಎರಡೇ ವರ್ಷಕ್ಕೆ, 1820ರಲ್ಲಿ, ಬಳ್ಳಾರಿಯಿಂದ ಜೋಸೆಫ್ ಟೇಲರ್ ಎಂಬ ಮಿಷನರಿ ಇಲ್ಲಿಗೆ ಬಂದರು. ಅವರ ಬೆನ್ನಿಗೆ ವಿಲಿಯಂ ಬೈನನ್ ಬಂದರು. ಇವರು ಬಂದಾಗ ಊರಿನಲ್ಲಿ ಕ್ರೈಸ್ತರೇ ಇರಲಿಲ್ಲವೆಂದೇನೂ ಅಲ್ಲ. ದಂಡಿನ ಹಿಂದೆ ಬಂದ ತಮಿಳರು, ಘಟ್ಟ ಹತ್ತಿ ಬಂದ ಗೋವೆಯವರು ಇದ್ದರು. ಮಿಷನರಿಗಳು ಸಂತೆಯಲ್ಲಿ ನಿಂತು ಉಪದೇಶ ಮಾಡಿದರು, ಹಳ್ಳಿ ಹಳ್ಳಿ ತಿರುಗಿದರು. ಆದರೆ ಊರಿನಲ್ಲಿ ಬೇರು ಬಿಟ್ಟದ್ದು ಅವರ ಉಪದೇಶಕ್ಕಿಂತ ಹೆಚ್ಚಾಗಿ ಅವರ ಶಾಲೆ. 1832ರಷ್ಟು ಹಿಂದಕ್ಕೆ ತನ್ನ ಹುಟ್ಟನ್ನು ಎಣಿಸುವ ಆ ಶಾಲೆ ಇಂದಿಗೂ ಬೈನನ್ ಮತ್ತು ಸ್ಮಿತ್ ಎಂಬ ಇಬ್ಬರು ಮಿಷನರಿಗಳ ಹೆಸರನ್ನು ಹೊತ್ತು ನಿಂತಿದೆ. ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಅಜ್ಜ, ಅಪ್ಪ, ಮೊಮ್ಮಗ ಮೂವರೂ ‘ಬೆನನ್ ಸ್ಮಿತ್’ನ ವಿದ್ಯಾರ್ಥಿಗಳೇ. ಅವರಲ್ಲಿ ಬಹಳ ಮಂದಿ ಕ್ರೈಸ್ತರಲ್ಲ! ಲಂಡನ್ ಮಿಷನ್ನಿನ ಕೆಲಸ 20ನೆಯ ಶತಮಾನದ ಆರಂಭದಲ್ಲಿ ಮೆಥೋಡಿಸ್ಟರ ಕೈಗೆ ಬಂದಿತು. ಕಥೋಲಿಕರ ಕಡೆಯಿಂದ ಸೇಂಟ್ ಪಾಲ್ಸ್ ಶಾಲೆ 1856ರಲ್ಲಿ ಆರಂಭವಾಯಿತು.

ಶಾಲೆಗಳ ಈ ಕೀರ್ತಿಯಲ್ಲಿಯೇ ಒಂದು ಶೋಧನೆ ಅಡಗಿದೆ. ಸೀಟಿಗಾಗಿ ಸಾಲು ನಿಲ್ಲುವ ತಂದೆ ತಾಯಿಗಳಿಗೆ ಮಿಷನ್ ಶಾಲೆ ಎಂದರೆ ಶಿಸ್ತು, ಇಂಗ್ಲಿಷು, ಒಳ್ಳೆಯ ಫಲಿತಾಂಶ. ಬಡವರ ಮಕ್ಕಳಿಗೆ ಅಕ್ಷರ ಕಲಿಸಲು ಹುಟ್ಟಿದ ಸಂಸ್ಥೆಗಳು ಉಳ್ಳವರ ಮಕ್ಕಳಿಗೆ ಏಣಿಯಾಗಿ ಉಳಿದರೆ ಸ್ಥಾಪಕರ ವಿಶ್ವಾಸಕ್ಕೆ ಏನು ಬೆಲೆ? ಈ ಪ್ರಶ್ನೆಯನ್ನು ಹೊರಗಿನವರು ಕೇಳುವ ಮೊದಲೇ ಒಳಗಿನವರು ಕೇಳಿಕೊಂಡಿದ್ದಾರೆ. ನಗರದ ಸಭೆಗಳಲ್ಲಿ ಇದು ಹಳೆಯ ಚರ್ಚೆ, ಇನ್ನೂ ಮುಗಿದಿಲ್ಲ.

ದೇವರ ಭಾಷೆ ಯಾವುದು?

ಬೆಳಗಾವಿಯಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಸಭೆಗೆ ಮೊದಲು ಕಥೋಲಿಕರ ಬಲಿಪೂಜೆ ಜಗತ್ತಿನ ಬಹುಪಾಲು ಕಡೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಯಾರಿಗೂ ಅರ್ಥವಾಗದ ಭಾಷೆಗೆ ಒಂದು ಅನುಕೂಲವಿತ್ತು. ಅದರ ಮೇಲೆ ಯಾರೂ ಜಗಳವಾಡುವಂತಿರಲಿಲ್ಲ! ಆ ಸಭೆಯ ನಂತರ ಜನರ ಭಾಷೆಗೆ ಬಾಗಿಲು ತೆರೆಯಿತು. ಬೆಳಗಾವಿಯಲ್ಲಿ ‘ಜನರ ಭಾಷೆ’ ಎಂದರೆ ಯಾವುದು? ಮನೆಯ ಹಿರಿಯ ಜೀವಕ್ಕೆ ಕೊಂಕಣಿ, ಅಂಗಡಿಗೆ ಹೋದ ಅಪ್ಪನಿಗೆ ಮರಾಠಿ, ಸರ್ಕಾರಿ ಕಚೇರಿಯಲ್ಲಿ ಕನ್ನಡ, ಶಾಲೆಗೆ ಹೋಗುವ ಮೊಮ್ಮಗಳಿಗೆ ಇಂಗ್ಲಿಷು. ಹೀಗೆ ಒಂದೇ ಮನೆಯಲ್ಲಿ ನಾಲ್ಕು ಭಾಷೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದ ಈ ಊರಿನ ಗಡಿ ತಂಟೆ ಎಲ್ಲರಿಗೂ ಗೊತ್ತಿರುವುದೇ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಗಲಾಟೆಯ ದಿನಗಳಲ್ಲಿ ಬಸ್ಸಿನ ಗಾಜು ಒಡೆಯುತ್ತದೆ, ಫಲಕಗಳಿಗೆ ಮಸಿ ಬೀಳುತ್ತದೆ, ಅಂಗಡಿಗಳ ಬಾಗಿಲು ಎಳೆದುಕೊಳ್ಳುತ್ತದೆ. ಅಂಥ ವಾರದ ಕೊನೆಗೂ ಒಂದು ಭಾನುವಾರ ಬಂದೇ ಬರುತ್ತದೆ. ಕನ್ನಡಿಗನೂ ಮರಾಠಿಗನೂ ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಪೂಜೆಯ ನಡುವೆ ಪಕ್ಕದವರ ಕಡೆ ತಿರುಗಿ ಸಮಾಧಾನ ಹಂಚಿಕೊಳ್ಳುವ ಒಂದು ಕ್ಷಣವುಂಟು. ಕೈ ಮುಗಿಯಬೇಕು, ಇಲ್ಲವೇ ಕೈ ಕುಲುಕಬೇಕು. ನಿನ್ನೆ ಸಂಜೆ ಚೌಕದಲ್ಲಿ ಎದುರಾಬದುರು ನಿಂತವರಿಗೆ ಆ ಅರ್ಧ ನಿಮಿಷ ಬಲು ಉದ್ದ. ಕೆಲವರು ನೆಲ ನೋಡುತ್ತಾರೆ. ಕೆಲವರು ಕೈ ಮುಗಿಯುತ್ತಾರೆ. ನಂಬಿಕೆಯೆಂಬುದು ಎಲ್ಲೋ ಸಿಂಹದ ಬೋನಿನಲ್ಲಿ ಪರೀಕ್ಷೆಗೆ ಒಳಗಾಗುತ್ತದೆಂದು ಸಂತರ ಕತೆ ಓದಿದ ಮಕ್ಕಳು ಅಂದುಕೊಂಡಿರುತ್ತಾರೆ. ಬೆಳಗಾವಿಯಲ್ಲಿ ಅದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿರುತ್ತದೆ.

ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಇರುವ ಕಥೋಲಿಕ ಧರ್ಮಪ್ರಾಂತ ರಚನೆಯಾದದ್ದು 1953ರಲ್ಲಿ. ಅಲ್ಲಿಂದ ಅನತಿ ದೂರದಲ್ಲಿ, ಇಂಗ್ಲಿಷ್ ಸೈನ್ಯದವರಿಗಾಗಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಸೇಂಟ್ ಮೇರೀಸ್ ಚರ್ಚಿನ ಕಲ್ಲು ಗೋಡೆ, ಚೂಪು ಕಮಾನುಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ನೋಡತಕ್ಕದ್ದೇ.

ಧರ್ಮಪ್ರಾಂತದ ಬಿಷಪರಾಗಿ ಇಲ್ಲಿದ್ದ ಪೀಟರ್ ಮಚಾಡೊ 2018ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪರಾಗಿ ಹೋದರು. ಮೂರು ವರ್ಷದ ನಂತರ ಬೆಳಗಾವಿ ಮತ್ತೆ ಅವರ ಚಿಂತೆಗೆ ಕಾರಣವಾಯಿತು. 2021ರ ಡಿಸೆಂಬರ್ 23ರಂದು ಇಲ್ಲಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ನಿಯಂತ್ರಣದ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದನ್ನು ವಿರೋಧಿಸಿದವರಲ್ಲಿ ಅವರೂ ಒಬ್ಬರು. ಬಲವಂತದ, ಆಮಿಷದ ಮತಾಂತರ ತಡೆಯಬೇಕೆಂಬುದು ಸರ್ಕಾರದ ವಾದ. ಸೇವೆಯನ್ನೇ ಆಮಿಷವೆಂದು ಕರೆಯಬಹುದೆಂಬುದು ಕ್ರೈಸ್ತರ ಭಯ. 2022ರಲ್ಲಿ ಅದು ಕಾನೂನಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಕೈಗೊಂಡಿತು. ಈ ರಾಜಕೀಯವೆಲ್ಲ ದೊಡ್ಡವರಿಗೆ ಬಿಟ್ಟದ್ದು. ಓಣಿಯ ಮಟ್ಟಕ್ಕೆ ಬಂದಾಗ ಪ್ರಶ್ನೆ ಸಣ್ಣದಾಗುತ್ತದೆ, ಹಾಗಾಗಿಯೇ ಕಷ್ಟದ್ದಾಗುತ್ತದೆ. ಕಾಯಿಲೆ ಬಿದ್ದ ಪಕ್ಕದ ಮನೆಯವರಿಗಾಗಿ ಅವರ ಹಾಸಿಗೆಯ ಬಳಿ ಕೂತು ಗಟ್ಟಿಯಾಗಿ ಪ್ರಾರ್ಥಿಸಬೇಕೇ, ಇಲ್ಲ ಗಂಜಿ ಕೊಟ್ಟು ಸುಮ್ಮನೆ ಬರಬೇಕೇ? ಬಹಳ ಮಂದಿ ಗಂಜಿ ಕೊಟ್ಟು ಬಂದು, ಪ್ರಾರ್ಥನೆಯನ್ನು ಮನೆಯಲ್ಲಿ ಮಾಡಿಕೊಳ್ಳುತ್ತಾರೆ. ಅದು ಜಾಣತನವೋ ಅಂಜುಬುರುಕುತನವೋ ಎಂಬ ಸಣ್ಣ ಮುಳ್ಳು ಮಾತ್ರ ಒಳಗೆ ಉಳಿದುಬಿಡುತ್ತದೆ.

ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 2011ರ ಜನಗಣತಿಯ ಪ್ರಕಾರ ಶೇಕಡಾ 1.87. ಬೆಳಗಾವಿ ಜಿಲ್ಲೆಯಲ್ಲಿ ಅದು ಶೇಕಡಾ ಒಂದಕ್ಕಿಂತಲೂ ಕಡಿಮೆ. ನೂರು ಮಕ್ಕಳಿರುವ ತರಗತಿಯಲ್ಲಿ ಒಬ್ಬನೇ ಒಬ್ಬ. ಆ ಒಬ್ಬನ ಸ್ಥಿತಿ ಹೇಗಿರುತ್ತದೆಂದು ನೋಡಬೇಕಾದರೆ ಹೋಳಿಯ ದಿನ ನೋಡಬೇಕು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲ ವಿಭೂತಿ ಬುಧವಾರದಂದು ಹಣೆಗೆ ಬೂದಿ ಇಟ್ಟುಕೊಂಡು ಶುರುವಾಗುತ್ತದೆ. ಈಸ್ಟರ್ ಕೂಡ ಹುಣ್ಣಿಮೆಯನ್ನು ಹಿಡಿದು ಎಣಿಸುವ ಹಬ್ಬವಾದ್ದರಿಂದ ಹೋಳಿ ಹುಣ್ಣಿಮೆ ಸಾಮಾನ್ಯವಾಗಿ ಈ ತಪಸ್ಸಿನ ನಡುವೆಯೇ ಬಂದು ಬೀಳುತ್ತದೆ. ಬೆಳಗಾವಿಯ ಹೋಳಿಯೋ, ಕೇಳಬೇಕೇ! ಗೆಳೆಯರೆಲ್ಲ ಬಾಗಿಲಲ್ಲಿ ನಿಂತು ಕೂಗುತ್ತಿರುವಾಗ ಒಳಗೆ ಕುಳಿತ ಹುಡುಗನ ತಪಸ್ಸು ಎಷ್ಟು ಹೊತ್ತಿನದು? ಹೆಚ್ಚಿನ ತಾಯಂದಿರು ಕೊನೆಗೆ “ಹಳೇ ಅಂಗಿ ಹಾಕ್ಕೊಂಡ್ ಹೋಗೋ” ಎಂದು ಕಳಿಸಿಬಿಡುತ್ತಾರೆ. ಅದೇ ತಿಂಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಸರಿಯಾಗಿ ಬಂದು ಸೇರುತ್ತದೆ. ಸಿಹಿ ಬಿಡುವುದು, ಟೀವಿ ಬಿಡುವುದು, ಮೊಬೈಲು ಬಿಡುವುದು ಹುಡುಗರ ವ್ರತ. ಅದರಲ್ಲಿ ದೇವರ ಪಾಲೆಷ್ಟು, ಪರೀಕ್ಷೆಯ ಪಾಲೆಷ್ಟು ಎಂದು ಕೇಳಬಾರದು.

ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ

ಬೆಳಗಾವಿ ಬಿಟ್ಟ ರೈಲು ದೇಸೂರು, ಇದಲಹೊಂಡ ದಾಟಿ ಖಾನಾಪುರಕ್ಕೆ ಬರುವಷ್ಟರಲ್ಲಿ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಮಣ್ಣು ಹಿಂದೆ ಉಳಿದು ಕೆಂಪು ಮಣ್ಣು, ಭತ್ತದ ಗದ್ದೆ, ಗೋಡಂಬಿ, ಹಲಸು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಊರಿನ ಪಕ್ಕ ಹರಿಯುತ್ತಾಳೆ. ಜೇಡಿಮಣ್ಣಿನ ಊರಿದು, ಕುಂಬಾರಿಕೆಗೂ ಹೆಂಚು ಇಟ್ಟಿಗೆಗಳಿಗೂ ಹಳೆಯ ಹೆಸರು. ರೈಲು ಮುಂದೆ ಗುಂಜಿ ದಾಟಿ ಲೋಂಡಾ ಜಂಕ್ಷನ್ನಿಗೆ ಹೋಗುತ್ತದೆ. ರೈಲ್ವೆಯ ಕೆಲಸ ಹಿಡಿದು ಬಂದ ಗೋವೆಯ ಕುಟುಂಬಗಳು ಅಲ್ಲಿ ನೆಲೆಗೊಂಡವು. ಅದಕ್ಕೂ ಎಷ್ಟೋ ಮೊದಲು ಘಟ್ಟ ಹತ್ತಿ ಬಂದವರು ಬೇರೆಯೇ ಇದ್ದರು. 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರು ಸ್ಥಾಪಿಸಿದ ಧಾರ್ಮಿಕ ವಿಚಾರಣೆಯ ನ್ಯಾಯಾಲಯ 1812ರವರೆಗೆ ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಮನೆಯಲ್ಲಿ ಹಳೆಯ ಪದ್ಧತಿಯನ್ನೇನಾದರೂ ಉಳಿಸಿಕೊಂಡಿದ್ದಾರೆಯೇ ಎಂದು ಇಣುಕಿ ನೋಡುವ ನ್ಯಾಯಾಲಯವದು. ಅದರ ಕಣ್ಣು ತಪ್ಪಿಸಿ ಬಂದವರುಂಟು, ತೆರಿಗೆ ಹೆದರಿ ಬಂದವರುಂಟು, ಹೊಟ್ಟೆಪಾಡಿಗೆ ಬಂದವರುಂಟು. ಕ್ರೈಸ್ತರ ಕೈಯಿಂದಲೇ ಪೆಟ್ಟು ತಿಂದು, ಕ್ರೈಸ್ತರಾಗಿಯೇ ಉಳಿದವರ ಸಂತಾನ ಈ ಕಾಡಂಚಿನ ಹಳ್ಳಿಗಳಲ್ಲಿದೆ ಎಂಬುದನ್ನು ಮರೆಯಬಾರದು.

ಖಾನಾಪುರ ತಾಲ್ಲೂಕಿನ ನಂದಗಡ ಕನ್ನಡ ಮಕ್ಕಳಿಗೆಲ್ಲ ಗೊತ್ತಿರುವ ಊರು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು ಗಲ್ಲಿಗೇರಿಸಿದ್ದು ಇಲ್ಲಿ. ಬಳ್ಳಾರಿಯಲ್ಲಿ ಕನ್ನಡ ಬೈಬಲ್ ಪೂರ್ತಿಯಾದದ್ದೂ ಅದೇ 1831! ಒಂದೇ ಆಳ್ವಿಕೆಯ ನೆರಳಿನಲ್ಲಿ ಒಂದು ಕಡೆ ಹಗ್ಗ, ಇನ್ನೊಂದು ಕಡೆ ಗ್ರಂಥ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ನಿಮ್ಮದು ಇಂಗ್ಲಿಷರ ಧರ್ಮ’ ಎಂದುಬಿಡುವುದು ಸುಲಭ. ಆದರೆ ನಂದಗಡದ ಕಥೋಲಿಕರ ನಂಬಿಕೆ ಬಂದದ್ದು ಗೋವೆಯ ದಾರಿಯಿಂದ, ಇಂಗ್ಲಿಷರ ದಾರಿಯಿಂದ ಅಲ್ಲ. ರಾಯಣ್ಣನ ಸಮಾಧಿಗೆ ಹೂವು ಹಾಕುವ ಶಾಲಾ ಮಕ್ಕಳ ಸಾಲಿನಲ್ಲಿ ಈ ಮನೆಗಳ ಮಕ್ಕಳೂ ಇರುತ್ತಾರೆ. ಇತಿಹಾಸವನ್ನು ಪೂರ್ತಿ ಓದಿದ ಹುಡುಗನಿಗೆ ಇದರಲ್ಲಿ ತೊಡಕಿಲ್ಲ. ಅರ್ಧ ಓದಿದವರ ಕುಚೋದ್ಯ ಮಾತ್ರ ಅವನು ಸಹಿಸಿಕೊಳ್ಳಬೇಕಾಗುತ್ತದೆ.

ಕ್ರಿಸ್ತನು ಈ ನೆಲಕ್ಕೆ ಪರದೇಶಿಯೇ ಎಂಬ ಪ್ರಶ್ನೆಯನ್ನು ಎದೆಗೆ ಹಚ್ಚಿಕೊಂಡವರು ನೆರೆಹೊರೆಯಲ್ಲಿಯೇ ಆಗಿಹೋಗಿದ್ದಾರೆ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೆಳಗಾವಿ ಜಿಲ್ಲೆಯದೇ ಆದ ದೇಶನೂರಿನಲ್ಲಿ, ಅಂದರೆ ಖಾನಾಪುರದ ಕಾಡಿಗೆ ವಿರುದ್ಧ ದಿಕ್ಕಿನ ಬೈಲಹೊಂಗಲದ ಬಯಲಿನಲ್ಲಿ, ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ವಿರಕ್ತ ಮಠವೆಂದೇ ಹೆಸರಾದ ಆಶ್ರಮದಲ್ಲಿ ನೆಲದ ಮೇಲೆ ಕುಳಿತು ಪೂಜೆ ನಡೆಸುವ ಪರಿಪಾಠ ಬೆಳೆಸಿದರು. ಅದನ್ನು ಮೆಚ್ಚಿದವರೂ ಇದ್ದಾರೆ, ಎರಡೂ ಕಡೆಯಿಂದ ಹುಬ್ಬುಗಂಟಿಕ್ಕಿದವರೂ ಇದ್ದಾರೆ. ಖಾನಾಪುರದ ಹಳ್ಳಿಯವರು ಇಷ್ಟು ದೂರ ಯೋಚಿಸಿದವರಲ್ಲ. ಅವರ ಅಂಗಳದಲ್ಲಿ ಸುಣ್ಣ ಬಳಿದ ಸಣ್ಣ ಕಟ್ಟೆ, ಕಟ್ಟೆಯ ಮೇಲೆ ಶಿಲುಬೆ, ಅದಕ್ಕೊಂದು ದಾಸವಾಳದ ಮಾಲೆ. ಬೇಲಿಯ ಆಚೆ ಪಕ್ಕದ ಮನೆಯ ತುಳಸಿ ಕಟ್ಟೆ. ಎರಡಕ್ಕೂ ಸಂಜೆ ದೀಪ ಹತ್ತುವ ಹೊತ್ತು ಒಂದೇ.

ಮುಸ್ಸಂಜೆ ಜಪಮಾಲೆಯ ಹೊತ್ತು. ಮಳೆಗಾಲದಲ್ಲಿ ಈ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಬರುವುದಿಲ್ಲ. ಕತ್ತಲೆಯಲ್ಲಿ ಮೇಣದ ಬತ್ತಿಯ ಸುತ್ತ ಮನೆಯವರೆಲ್ಲ ಕೂಡುತ್ತಾರೆ. ಪ್ರಾರ್ಥನೆ ಒಂದು ಜಾಗಕ್ಕೆ ಬಂದಾಗ ಮಾತ್ರ ಹಿರಿಯರ ಸ್ವರ ಸ್ವಲ್ಪ ತಗ್ಗುವುದುಂಟು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂಬರ್ಥದ ಮಾತನ್ನು ಹೇಳಬೇಕಾದ ಜಾಗವದು. ಗದ್ದೆಯ ಬದುವಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿರುವ ಮನೆಗಳು ಎಲ್ಲ ಧರ್ಮದಲ್ಲೂ ಇವೆ. ವ್ಯತ್ಯಾಸವೆಂದರೆ ಇವರು ಆ ಮಾತನ್ನು ದಿನವೂ ಬಾಯಿಬಿಟ್ಟು ಹೇಳಬೇಕು. ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ, ಅದೇ ದೊಡ್ಡ ತೊಂದರೆ.

ಇನ್ನೊಂದು ಶೋಧನೆಯ ಹೆಸರು ಬಾಟಲಿ. ಗಡಿಯಾಚೆ ಗೋವೆ, ಚೋರ್ಲಾ ಘಟ್ಟ ಇಳಿದರೆ ಅಗ್ಗದ ಮದ್ಯ. ದಿನವಿಡೀ ಕಾಡಿನಲ್ಲಿ, ಭಟ್ಟಿಯಲ್ಲಿ, ಗದ್ದೆಯಲ್ಲಿ ದುಡಿದ ಮೈಗೆ ಅದು ಬೇಕೆನಿಸುತ್ತದೆ. ತಪಸ್ಸಿನ ನಲವತ್ತು ದಿನ ಕುಡಿತ ಬಿಡುವ ಗಂಡಸರಿದ್ದಾರೆ. ಆ ನಲವತ್ತು ದಿನ ಮನೆಯ ಹೆಣ್ಣುಮಕ್ಕಳ ಮುಖದ ಮೇಲೆ ಬೇರೆಯೇ ಕಳೆ. ಶುಭ ಶುಕ್ರವಾರ ಕಳೆದು ಈಸ್ಟರಿನ ಗಂಟೆ ಬಾರಿಸುವಾಗ ಎಲ್ಲರೂ ಸಂಭ್ರಮಿಸುತ್ತಾರೆ. ಹೆಂಡತಿಯೊಬ್ಬಳು ಮಾತ್ರ ಇನ್ನೊಂದು ವಾರ ಹಬ್ಬ ತಡವಾಗಿ ಬಂದಿದ್ದರೆ ಎಂದುಕೊಳ್ಳುತ್ತಾಳೆ. ನಲವತ್ತು ದಿನ ಬಿಟ್ಟವನು ನಲವತ್ತೊಂದನೆಯ ದಿನವೂ ಬಿಡಬಲ್ಲನಲ್ಲವೇ ಎಂದು ಪಾದ್ರಿಗಳು ಪ್ರತಿ ವರ್ಷ ಕೇಳುತ್ತಾರೆ. ಕೆಲವರು ಬಿಟ್ಟದ್ದೂ ಉಂಟು.

ಫಾರ್ಮಿನ ಕಾಲಂ

ಖಾನಾಪುರದ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶಸ್ಥರು ಇವರಲ್ಲಿ ಬಹಳ. ಹಳಿಯಾಳ, ಯಲ್ಲಾಪುರಗಳಲ್ಲಿ ಹೆಚ್ಚಾಗಿ, ಖಾನಾಪುರದಲ್ಲಿ ಅಲ್ಪಸ್ವಲ್ಪವಾಗಿ ಇರುವ ಈ ಜನರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಧರ್ಮ ಬೇರೆಯಾದರೂ ನಂಟಸ್ತನ ನಡೆಯುತ್ತದೆ. ಡಮಾಮಿ ಬಡಿಯುವಾಗ ಕುಣಿಯುವ ಕಾಲಿಗೆ ಧರ್ಮ ಕೇಳುವವರಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿ ಕಾಡಿನ ಮರಗಳಿಗೆ ಗೊತ್ತಿಲ್ಲದಿದ್ದರೂ ಕಾಗದಕ್ಕೆ ಗೊತ್ತಿರುತ್ತದೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಹೀಗಾಗಿ ಸಿದ್ದಿ ಹುಡುಗಿ ಕ್ರೈಸ್ತಳಾಗಿದ್ದರೂ ಪ್ರಮಾಣಪತ್ರ ಸಿಗುತ್ತದೆ.

ಅದೇ ತಾಲ್ಲೂಕಿನ, ಇಲ್ಲವೇ ಬೆಳಗಾವಿ ನಗರದ, ದಲಿತ ಕ್ರೈಸ್ತ ಹುಡುಗನ ಕತೆ ಬೇರೆ. 1950ರ ರಾಷ್ಟ್ರಪತಿಯವರ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಿಗೆ, ಮುಸಲ್ಮಾನರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಸೇರಿಸಲಾಗಿದೆ. ಅದರ ಸವಲತ್ತು ಬೇರೆ, ಪರಿಶಿಷ್ಟ ಜಾತಿಯದು ಬೇರೆ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮ ಆಚರಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು ಪುದುಚೇರಿಯ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. 2025ರಲ್ಲಿ ಕರ್ನಾಟಕದಲ್ಲಿ ನಡೆದ ಸಾಮಾಜಿಕ ಸಮೀಕ್ಷೆಯ ಸಮಯದಲ್ಲಿ ಜಾತಿಯ ಹೆಸರಿನ ಜೊತೆಗೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ್ದ ಕಾಲಂಗಳು ವಿವಾದಕ್ಕೆ ಸಿಲುಕಿದವು. ಒಂದು ಕಡೆ ‘ಕ್ರೈಸ್ತರಲ್ಲಿ ಜಾತಿಯಿಲ್ಲ’ ಎಂಬ ಬೋಧನೆ; ಇನ್ನೊಂದು ಕಡೆ ಸ್ಮಶಾನದಲ್ಲಿ, ಮದುವೆಯ ಮಾತುಕತೆಯಲ್ಲಿ ಜಾತಿ ಇನ್ನೂ ಉಸಿರಾಡುತ್ತಿರುವ ಸತ್ಯ. ಸಭೆಯ ಒಳಗೆ ಜಾತಿ ಉಳಿಸಿಕೊಂಡು ಸರ್ಕಾರದ ಮುಂದೆ ಜಾತಿಯಿಲ್ಲ ಎನ್ನುವವರಿಗೂ ಒಂದು ಜರಡಿ ಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಈ ಮನೆಗಳಲ್ಲಿ ಶುರುವಾಗುವ ಮಾತುಕತೆ ಪ್ರವಚನದ ವೇದಿಕೆಯ ಮೇಲೆ ಯಾರೂ ಎತ್ತದಂಥದು. ಧರ್ಮದ ಕಾಲಂನಲ್ಲಿ ಏನು ಬರೆಯಬೇಕು? ಹಳೆಯ ಶಾಲಾ ದಾಖಲೆಯಲ್ಲಿ ಅಜ್ಜನ ಕಾಲದ ಜಾತಿಯ ಹೆಸರೇ ಉಳಿದಿದ್ದರೆ ಅದನ್ನೇ ಮುಂದುವರಿಸಿಬಿಡಬಹುದೇ? ಶುಲ್ಕ ಕಡಿಮೆಯಾಗುತ್ತದೆ, ಹಾಸ್ಟೆಲ್ ಸಿಗುತ್ತದೆ, ಮುಂದೆ ನೌಕರಿಯೂ ಸಿಗಬಹುದು. ಹೀಗೆ ಬರೆದವರನ್ನು ಬೈಯುವುದು ಹೊಟ್ಟೆ ತುಂಬಿದವರಿಗೆ ಸುಲಭ. ದಿನಗೂಲಿಯ ಅಪ್ಪನಿಗೆ ಮಗನ ಓದು ನಿಲ್ಲಿಸುವುದು ಹೆಚ್ಚಿನ ಪಾಪವಾಗಿ ಕಾಣಬಹುದು. ಆದರೂ ಹಾಗೆ ಬರೆದ ಮೇಲೆ ಭಾನುವಾರ ಬೆಂಚಿನ ಮೇಲೆ ಕುಳಿತಾಗ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎನಿಸುತ್ತದೆ. ಸರಿಯಾಗಿ ಬರೆದವರಿಗೂ ನೆಮ್ಮದಿ ಪುಕ್ಕಟೆ ಸಿಗುವುದಿಲ್ಲ. ಅವರಿಗೆ ಶುಲ್ಕದ ಚಿಂತೆ. ಕಾನೂನು ಬದಲಾಗಬೇಕೆಂದು ಹೋರಾಡುವವರು ಹೋರಾಡುತ್ತಿದ್ದಾರೆ. ಅರ್ಜಿಯ ಕೊನೆಯ ದಿನಾಂಕ ಅಷ್ಟು ದಿನ ಕಾಯುವುದಿಲ್ಲ.

“ಫಾರ್ಮಿನ್ಯಾಗ ಏನ್ ಬರದಿ?” ಎಂದು ಇಂಥ ಮನೆಯ ಆಯಿ ಮೊಮ್ಮಗನನ್ನು ಕೇಳಿದರೆ, “ಇನ್ನೂ ಏನೂ ಬರದಿಲ್ಲ ಆಯಿ, ಅಪ್ಪನ್ನ ಕೇಳ್ಬೇಕು” ಎಂಬ ಉತ್ತರ ಬರುತ್ತದೆ. ಅಪ್ಪ ಅವ್ವನನ್ನು ನೋಡುತ್ತಾನೆ. ಅವ್ವ ಒಲೆಯ ಕಡೆ ತಿರುಗುತ್ತಾಳೆ. ಆಯಿ ತನ್ನ ಕಾಲದಲ್ಲಿ ಇಂಥ ಫಾರ್ಮು ಕಂಡವಳಲ್ಲ. ಓದಲೂ ಬಾರದು. ಕನ್ನಡದ ಪ್ರಾರ್ಥನೆಗಳು ಮಾತ್ರ ಪೂರ್ತಿ ಬಾಯಿಪಾಠ.

ಸೋಮವಾರ ಬೆಳಿಗ್ಗೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಬೆಳಗಾವಿಗೆ ಹೋಗುವ ಹುಡುಗ ಹುಡುಗಿಯರ ನೂಕುನುಗ್ಗಲು. ಹೆಗಲಲ್ಲಿ ಚೀಲ, ಕೈಯಲ್ಲಿ ಬಸ್ ಪಾಸು, ಪ್ಲಾಸ್ಟಿಕ್ ಕವರಿನೊಳಗೆ ಮಳೆ ತಾಗದಂತೆ ಮಡಚಿಟ್ಟ ಅರ್ಜಿಗಳು. ಕೊರಳಲ್ಲಿ ಕೆಲವರಿಗೆ ತಾಯಿತ, ಕೆಲವರಿಗೆ ಲಿಂಗ, ಒಬ್ಬಿಬ್ಬರಿಗೆ ಅಂಗಿಯ ಒಳಗೆ ಸರಿಸಿಕೊಂಡ ಸಣ್ಣ ಶಿಲುಬೆ. ಕಂಡಕ್ಟರ್ ಶಿಳ್ಳೆ ಹಾಕುತ್ತಾನೆ. ಊರಿನ ಪಕ್ಕ ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿರುತ್ತಾಳೆ. ಕಿಟಕಿಯ ಪಕ್ಕದ ಹುಡುಗ ಕವರಿನಿಂದ ಫಾರ್ಮು ಹೊರಗೆ ತೆಗೆದು, ಮೊಣಕಾಲ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದು, ಬಸ್ಸಿನ ಕುಲುಕಾಟ ನಿಲ್ಲಲೆಂದು ಕಾಯುತ್ತಾನೆ.